ಕಲಬುರಗಿ ಬಿಸಿಲಿಗೆ ಆಫೀಸಿನ ಉಡುಪು: ಅರಿವೆ ಆರಿಸುವುದರಿಂದ ಇಸ್ತ್ರಿವರೆಗೆ

ಆಫೀಸಿಗೆ ಹೇಗೆ ತಯಾರಾಗಬೇಕು ಅಂತ ಹೇಳಿಕೊಡುವ ವಿಡಿಯೋಗಳು ಬೇಕಾದಷ್ಟಿವೆ. ಅವುಗಳಲ್ಲಿ ಬ್ಲೇಜರ್ ಇರುತ್ತದೆ, ಏಸಿ ಇರುತ್ತದೆ, ಮನೆ ಬಾಗಿಲಿಗೆ ಕಾರು ಬಂದು ನಿಲ್ಲುತ್ತದೆ. ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟಿದಾಗ ಸ್ಕೂಟಿ ಮೇಲೆ ಬಂದು, ಫ್ಯಾನ್ ಕೆಳಗೆ ಕೂತು, ಕೆಲಸ ಮುಗಿಯುವವರೆಗೆ ಅಚ್ಚುಕಟ್ಟಾಗಿ ಕಾಣಬೇಕಾದವರಿಗೆ ಆ ಸಲಹೆಗಳು ಉಪಯೋಗಕ್ಕೆ ಬರುವುದಿಲ್ಲ.

ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಇಲ್ಲಿನ ಎಷ್ಟೋ ಮನೆಗಳ ಹುಡುಗ ಹುಡುಗಿಯರು ಸರ್ಕಾರಿ ಕೆಲಸಕ್ಕೆ ಸೇರಿದ್ದಾರೆ. ಬ್ಯಾಂಕು, ಆಸ್ಪತ್ರೆ, ಕಾಲೇಜುಗಳಿಗೂ ಪ್ರತಿ ವರ್ಷ ಹೊಸಬರು ಬರುತ್ತಲೇ ಇದ್ದಾರೆ. ಮೊದಲ ಸಂಬಳ ಬಂದ ವಾರ ಬಟ್ಟೆ ಅಂಗಡಿಗೆ ಹೋಗುತ್ತಾರೆ. ಹೊಳೆಯುವ ಪಾಲಿಯೆಸ್ಟರ್ ಶರ್ಟು ನಾಲ್ಕು ತರುತ್ತಾರೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅವೆಲ್ಲ ಬೀರುವಿನ ಮೂಲೆ ಸೇರುತ್ತವೆ. ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಊರಿನಲ್ಲಿ ಮೊದಲು ಅರಿವೆ, ಆಮೇಲೆ ಹೊಲಿಗೆ, ಆಮೇಲೆ ಬಣ್ಣ. ಬ್ರ್ಯಾಂಡಿನ ಯೋಚನೆ ಎಲ್ಲಕ್ಕಿಂತ ಕೊನೆಗೆ.

1. ಮೊದಲು ನಿಮ್ಮ ದಿನ ನೋಡಿ

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಆಫೀಸಿಗೆ ಹೇಗೆ ಹೋಗುತ್ತೀರಿ? ಎಲ್ಲಿ ಕೂರುತ್ತೀರಿ? ಯಾರ ಎದುರು ನಿಲ್ಲುತ್ತೀರಿ?

ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಹೋಗಿ ಬರುವವರಿಗೆ ಸುಕ್ಕು ಹಿಡಿಯದ ಪ್ಯಾಂಟು ಬೇಕು. ಮಿನಿ ವಿಧಾನಸೌಧದಲ್ಲಿ ಕೂತು ಇಡೀ ದಿನ ಜನರ ಅರ್ಜಿ ನೋಡುವವರಿಗೆ ಗಾಳಿಯಾಡುವ ಅಂಗಿ ಬೇಕು. ಬ್ಯಾಂಕಿನಲ್ಲಿ ಇರುವವರದು ಬೇರೆಯೇ ಪಾಡು. ಹೊರಗೆ ಕೆಂಡ, ಒಳಗೆ ಏಸಿ. ಅವರಿಗೆ ತೆಳ್ಳಗಿನ ಬಟ್ಟೆಯ ಮೇಲೆ ಹಾಕಿ ತೆಗೆಯುವಂಥ ಇನ್ನೊಂದು ಪದರು ಬೇಕು. ಪಂಚಾಯಿತಿ, ಕೃಷಿ, ಆರೋಗ್ಯ ಇಲಾಖೆಯವರು ವಾರದಲ್ಲಿ ಕೆಲವು ದಿನ ಹಳ್ಳಿಗೆ ಹೋಗಲೇಬೇಕು. ಅಲ್ಲಿ ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಎರೆಮಣ್ಣು.

ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಾಯಿಸುವ ರೂಢಿ ಇದೆ. ಹೋಗುವಾಗ ತಂಪು, ಬರುವಾಗ ನೆತ್ತಿ ಮೇಲೆ ಸೂರ್ಯ. ಮನೆಗೆ ಹೊರಡುವ ಹೊತ್ತೇ ದಿನದ ಕಷ್ಟದ ಹೊತ್ತು. ಆ ಎರಡು ತಿಂಗಳಿಗೆ ಬೇರೆ ನಾಲ್ಕು ಜೋಡಿ ಎತ್ತಿಟ್ಟರೆ ಒಳ್ಳೆಯದು.

ನಿಮ್ಮ ಕಚೇರಿಯಲ್ಲಿ ಉಡುಪಿನ ಬಗ್ಗೆ ಸುತ್ತೋಲೆ ಇದ್ದರೆ ಅದೇ ಮೊದಲು. ಇಲ್ಲದಿದ್ದರೆ ನಿಮಗಿಂತ ಒಂದು ಹುದ್ದೆ ಮೇಲಿರುವವರು ಏನು ಹಾಕುತ್ತಾರೆ ಅಂತ ಮೊದಲ ವಾರ ಸುಮ್ನೆ ಗಮನಿಸಿ. ಅದಕ್ಕಿಂತ ಮುಂಚೆ ಜಾಸ್ತಿ ಖರೀದಿ ಬೇಡ.

2. ಅರಿವೆಯನ್ನು ಕೈಯಲ್ಲಿ ಹಿಡಿದು ನೋಡಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ.

ಹತ್ತಿ ನೂಲು ತನ್ನ ತೂಕದ ಶೇ 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿ ಇಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹೀರುವುದು ಶೇ 0.4ರಷ್ಟು ಮಾತ್ರ. ಬೆವರು ಬಂದಾಗ ಹತ್ತಿ ಅದನ್ನು ಒಳಗೆ ಎಳೆದುಕೊಂಡು ನಿಧಾನವಾಗಿ ಗಾಳಿಗೆ ಬಿಡುತ್ತದೆ. ಪಾಲಿಯೆಸ್ಟರ್ ಹಾಕಿದಾಗ ಬೆವರು ಮೈಮೇಲೇ ಉಳಿಯುತ್ತದೆ, ಬಟ್ಟೆ ಬೆನ್ನಿಗೆ ಅಂಟುತ್ತದೆ, ವಾಸನೆಯೂ ಬೇಗ ಹಿಡಿಯುತ್ತದೆ. ಬೆಳಗ್ಗೆ ಕನ್ನಡಿ ಎದುರು ಪಾಲಿಯೆಸ್ಟರ್ ಶರ್ಟೇ ಚೆಂದ ಕಾಣಬಹುದು. ಮಧ್ಯಾಹ್ನ 12ರ ಹೊತ್ತಿಗೆ ಲೆಕ್ಕ ತಿರುಗುತ್ತದೆ.

ಹಾಗಂತ ಎಲ್ಲವೂ ಶುದ್ಧ ಹತ್ತಿಯೇ ಇರಬೇಕು ಅಂತ ನಾನು ಹೇಳುವುದಿಲ್ಲ. ಮೈಗೆ ತಾಗುವ ಅಂಗಿ, ಕುರ್ತಾ, ಕುಬಸ ಹತ್ತಿಯದಿರಲಿ, ಇಲ್ಲವೇ ಹತ್ತಿಯೇ ಹೆಚ್ಚಿರುವ ಮಿಶ್ರಣವಿರಲಿ. ಪ್ಯಾಂಟಿಗೆ ಮಾತ್ರ ಮಿಶ್ರಣವೇ ಚೆನ್ನ. ಶುದ್ಧ ಹತ್ತಿಯ ಪ್ಯಾಂಟು ಎರಡು ತಾಸು ಕೂತರೆ ಮೊಣಕಾಲಲ್ಲಿ ಉಬ್ಬುತ್ತದೆ, ತೊಡೆಯ ಮೇಲೆ ಗೆರೆ ಬೀಳುತ್ತದೆ. ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಬೆರೆಸಿದ ಸೂಟಿಂಗ್ ಬಟ್ಟೆ ಆಕಾರ ಬಿಡುವುದಿಲ್ಲ, ಬಸ್ಸಿನ ಸೀಟಿಗೂ ತಡೆದುಕೊಳ್ಳುತ್ತದೆ. ಲಿನನ್ ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಸುಕ್ಕು ಬಿಡದು. ಸುಕ್ಕು ಕಂಡರೆ ಮುಖ ಗಂಟಿಕ್ಕುವ ಸಾಹೇಬರಿದ್ದರೆ ಹತ್ತಿ-ಲಿನನ್ ಮಿಶ್ರಣ ತನ್ನಿ. ರೇಯಾನ್ ಕುರ್ತಾ ತಂಪು, ಬೆಲೆಯೂ ಕಡಿಮೆ. ಒದ್ದೆಯಾದಾಗ ಮಾತ್ರ ಅದರ ನೂಲಿಗೆ ಬಲ ಇರುವುದಿಲ್ಲ. ಹಿಂಡಿ ತಿರುಚಿದರೆ ಬೇಗ ಹಾಳಾಗುತ್ತದೆ.

ನಮ್ಮ ಊರಿನ ಸೂಪರ್ ಮಾರ್ಕೆಟ್ ಪ್ರದೇಶದ ಬಟ್ಟೆ ಅಂಗಡಿಗೆ ಹೋದಾಗ ಈ ಪರೀಕ್ಷೆಗಳನ್ನು ಮಾಡಿ. ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ, ಬಟ್ಟೆ ಗೊತ್ತಿರುವ ಗಿರಾಕಿ ಅಂತ ಇನ್ನೂ ಒಳ್ಳೆಯ ಬಟ್ಟೆಯ ತಾನು ತೆಗೆದು ತೋರಿಸುತ್ತಾರೆ.

ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಹತ್ತು ಎಣಿಸಿ ಬಿಡಿ. ಸುಕ್ಕು ಮೆಲ್ಲಗೆ ಬಿಚ್ಚಿಕೊಂಡರೆ ದಿನಕ್ಕೆ ತಡೆಯುತ್ತದೆ. ಕಾಗದದ ಹಾಗೆ ಗೆರೆ ನಿಂತರೆ ಅದು ಇಸ್ತ್ರಿ ಬೇಡುವ ಬಟ್ಟೆ. ಒಂದೇ ಪದರು ಮಾಡಿ ಬೆಳಕಿಗೆ ಹಿಡಿಯಿರಿ. ಹಿಂದಿನ ಬೆರಳು ಸ್ಪಷ್ಟವಾಗಿ ಕಂಡರೆ ಆಫೀಸಿಗೆ ತೆಳುವಾಯಿತು. ಒಳಗೆ ಬನಿಯನ್ ಅಥವಾ ಲೈನಿಂಗ್ ಬೇಕೇ ಬೇಕು. ಗಾಢ ಬಣ್ಣದ್ದಾದರೆ ಅಂಗಡಿಯವರನ್ನು ಕೇಳಿಕೊಂಡು ಬಿಳಿ ದಸ್ತಿಯ (ಕರವಸ್ತ್ರದ) ತುದಿಯನ್ನು ನೀರಲ್ಲಿ ತೋಯಿಸಿ ಒಳಮಡಿಕೆಯ ಮೇಲೆ ಉಜ್ಜಿ. ದಸ್ತಿಗೆ ಬಣ್ಣ ಹತ್ತಿದರೆ ನಾಳೆ ಬೆವರಿದಾಗ ನಿಮ್ಮ ಬನಿಯನ್ನಿಗೂ ಹತ್ತುತ್ತದೆ. ಇದು ಹತ್ತಿಯೇ ಹೌದಾ ಅಂತ ಅನುಮಾನ ಬಂದರೆ ಒಂದು ಎಳೆ ಕೇಳಿ ಮನೆಗೆ ತನ್ನಿ. ಸ್ಟೀಲ್ ತಟ್ಟೆಯ ಮೇಲೆ ಇಟ್ಟು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಅಳತೆಯೂ ಗೊತ್ತಿರಲಿ. 58 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ತುಂಬುತೋಳಿನ ಶರ್ಟಿಗೆ ಸುಮಾರು 1.6 ಮೀಟರ್, ಪ್ಯಾಂಟಿಗೆ 1.2ರಿಂದ 1.3 ಮೀಟರ್ ಸಾಕು. 36 ಇಂಚು ಪನ್ನವಾದರೆ ಶರ್ಟಿಗೆ 2.25 ಮೀಟರ್ ಮೇಲೆ ಬೇಕು. ಎತ್ತರ, ಮೈಕಟ್ಟು ನೋಡಿ ಸ್ವಲ್ಪ ಹೆಚ್ಚು ಕಡಿಮೆ. ಹತ್ತಿ ಬಟ್ಟೆಯನ್ನು ಟೇಲರಿಗೆ ಕೊಡುವ ಮುಂಚೆ ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ಒಣಗಿಸಿ. ಕುಗ್ಗುವುದಿದ್ದರೆ ಅಲ್ಲೇ ಕುಗ್ಗಲಿ.

3. ಬಣ್ಣ: ಧೂಳನ್ನು ಕೇಳಿ ಆರಿಸಿ

ಹೊಸಬರಿಗೆ ಎಲ್ಲರೂ ಹೇಳುವುದು ಕಪ್ಪು ಪ್ಯಾಂಟು, ಬಿಳಿ ಶರ್ಟು. ನಮ್ಮ ಊರಿಗೆ ನಾನು ಅದನ್ನು ಮೊದಲ ಜೋಡಿಯಾಗಿ ಹೇಳುವುದಿಲ್ಲ. ಸುಣ್ಣಕಲ್ಲಿನ ನೆಲ ನಮ್ಮದು. ಶಹಾಬಾದ್ ಕಲ್ಲಿನ ಗಣಿ, ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆ ಎಲ್ಲ ಇಲ್ಲೇ. ಏಳುವ ಧೂಳು ಬೂದಿ ಬಣ್ಣದ್ದು. ಅಚ್ಚ ಕಪ್ಪು ಪ್ಯಾಂಟಿನ ಮೇಲೆ ಅದು ಹಿಟ್ಟು ಚೆಲ್ಲಿದಂತೆ ಎದ್ದು ಕಾಣುತ್ತದೆ. ಇದ್ದಿಲು ಬೂದಿ, ನಸುಗಂದು, ಖಾಕಿಗೆ ಹತ್ತಿರದ ಬಣ್ಣಗಳಲ್ಲಿ ಅದೇ ಧೂಳು ಸಂಜೆವರೆಗೂ ಕಾಣುವುದಿಲ್ಲ. ಕಡುನೀಲಿ ಇವೆರಡರ ನಡುವೆ. ಒಂದು ಇರಲಿ.

ಮೇಲಿನ ಅಂಗಿಗೆ ತಿಳಿಬಣ್ಣ. ತಿಳಿನೀಲಿ, ಕೆನೆ, ತಿಳಿಹಸಿರು, ಸಣ್ಣ ಗೆರೆ, ಸಣ್ಣ ಚೌಕಳಿ. ಬಿಸಿಲನ್ನು ಹಿಂದಕ್ಕೆ ಕಳಿಸುತ್ತವೆ, ಮುಖವೂ ಬೆಳಗಿದಂತೆ ಕಾಣುತ್ತದೆ. ಬೆವರಿನ ಕಲೆ ಅತಿ ಹೆಚ್ಚು ಕಾಣುವುದು ಮಧ್ಯಮ ಬೂದಿ ಮತ್ತು ಆಕಾಶನೀಲಿಯ ಒಂದೇ ಬಣ್ಣದ ಶರ್ಟಿನಲ್ಲಿ. ಬೆವರು ಜಾಸ್ತಿ ಬರುವವರು ಅದನ್ನು ಬಿಟ್ಟು ಬಿಳಿ, ಕೆನೆ ಅಥವಾ ಸಣ್ಣ ಅಚ್ಚಿನ ಬಟ್ಟೆ ಹಿಡಿಯಲಿ.

4. ಎಷ್ಟು ಬೇಕು?

ಗಂಡಸರಿಗೆ ಐದು ಅಂಗಿ, ಮೂರು ಪ್ಯಾಂಟು. ಯಾವ ಅಂಗಿಯಾದರೂ ಯಾವ ಪ್ಯಾಂಟಿಗಾದರೂ ಒಪ್ಪುವಂತೆ ಆರಿಸಿದ್ದರೆ 15 ಜೋಡಿ ಆಯಿತು. ಒಂದೇ ಒಂದು ಪ್ಯಾಂಟಿಗೆ ಮಾತ್ರ ಒಪ್ಪುವ ಅಂಗಿ ಎಷ್ಟೇ ಚೆಂದ ಇರಲಿ, ಮೊದಲ ವರ್ಷ ಬೇಡ.

ಕುರ್ತಾ ಹಾಕುವ ಹೆಣ್ಣುಮಕ್ಕಳಿಗೆ ಐದು ಕುರ್ತಾ, ಮೂರು ಕೆಳಉಡುಪು, ಮೂರು ಓಢಣಿ. ಇಲ್ಲಿ ಒಂದು ಉಪಾಯ ಹೇಳುತ್ತೇನೆ. ಕೆಳಗಿನದು ಮತ್ತು ಓಢಣಿ ಒಂದೇ ಬಣ್ಣದ ಜೋಡಿಯಾಗಿರಲಿ. ಕೆನೆ, ಕಡುನೀಲಿ, ಮರೂನ್ ಹೀಗೆ. ಮೇಲೆ ಯಾವ ಕುರ್ತಾ ಬಂದರೂ ಸೆಟ್ ಎಂದೇ ಕಾಣುತ್ತದೆ. ಲೆಗ್ಗಿಂಗ್ಸ್‌ಗಿಂತ ನೇರ ಹೊಲಿದ ಹತ್ತಿ ಮಿಶ್ರಣದ ಪ್ಯಾಂಟು ನಮ್ಮ ಸೆಕೆಗೆ ಹಿತ, ಆಫೀಸಿಗೂ ಗಂಭೀರ.

ಬುರ್ಖಾ ಹಾಕುವವರು ಒಳಗಿನ ಬಟ್ಟೆ ತೆಳು ಹತ್ತಿಯದು ಹಾಕಿ. ಹೊರಗಿನದು ಮೈಗೆ ಅಂಟದಂತೆ ಸಡಿಲವಾಗಿರಲಿ. ತಲೆಗೆ ಕಟ್ಟುವ ಒಳಟೋಪಿ, ಹಿಜಾಬ್ ಎರಡೂ ಜಾರುವ ಬಟ್ಟೆಯದಾದರೆ ದಿನಕ್ಕೆ ಹತ್ತು ಸಲ ಪಿನ್ನು ಸರಿ ಮಾಡಬೇಕಾಗುತ್ತದೆ. ಒಳಗಿನದು ಹತ್ತಿ ಇದ್ದರೆ ಮೇಲಿನದು ಕೂತ ಜಾಗದಲ್ಲೇ ಕೂರುತ್ತದೆ.

ವಕೀಲರಿಗೆ ಬಣ್ಣದ ಆಯ್ಕೆ ಇಲ್ಲ, ಅರಿವೆಯ ಆಯ್ಕೆ ಇದೆ. ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ನಿಲ್ಲುವವರು ಕೋಟಿಗೆ ಪೂರ್ತಿ ಲೈನಿಂಗ್ ಹಾಕಿಸದೆ ಭುಜ ಮತ್ತು ತೋಳಿಗೆ ಮಾತ್ರ ಹಾಕಿಸಿದರೆ ಎಷ್ಟೋ ಹಗುರ.

5. ಟೇಲರ್ ಹತ್ತಿರ ಏನು ಹೇಳಬೇಕು

ನಮ್ಮ ಕಡೆ ಇನ್ನೂ ಪ್ರತಿ ಓಣಿಗೆ ಒಬ್ಬರು ಟೇಲರ್ ಇದ್ದಾರೆ. ದೊಡ್ಡ ಊರಿನವರಿಗೆ ಇಲ್ಲದ ಅನುಕೂಲ ಇದು, ಅಲ್ವಾ? ಸಾಧಾರಣ ಬಟ್ಟೆಯನ್ನು ಒಳ್ಳೆಯ ಹೊಲಿಗೆ ಎತ್ತಿ ನಿಲ್ಲಿಸುತ್ತದೆ. ದುಬಾರಿ ಬಟ್ಟೆಯನ್ನು ಕೆಟ್ಟ ಹೊಲಿಗೆ ಕೆಳಗೆ ಹಾಕುತ್ತದೆ. ರೆಡಿಮೇಡ್ ತಂದರೂ ಆಲ್ಟರ್ ಮಾಡಿಸದೆ ಹಾಕಬೇಡಿ.

ಅಳತೆ ಕೊಡುವಾಗ ಆಫೀಸಿಗೆ ಹಾಕುವ ಚಪ್ಪಲಿ ಅಥವಾ ಬೂಟು ಹಾಕಿಕೊಂಡೇ ಹೋಗಿ. ಮೊದಲ ಸಲ ಒಂದೇ ಹೊಲಿಸಿ. ಅದನ್ನು ತೊಳೆದು ಎರಡು ಸಲ ಹಾಕಿ ನೋಡಿದ ಮೇಲೆ ಉಳಿದವನ್ನು ಕೊಡಿ. ಟ್ರಯಲ್ ನೋಡುವಾಗ ಸುಮ್ಮನೆ ಕನ್ನಡಿ ಎದುರು ನಿಲ್ಲಬೇಡಿ. ಕೂರಿ, ಬಗ್ಗಿ, ಎರಡೂ ಕೈ ಮೇಲೆತ್ತಿ, ಸ್ಕೂಟಿ ಹ್ಯಾಂಡಲ್ ಹಿಡಿದಂತೆ ಮುಂದೆ ಚಾಚಿ. ಕೈ ಎತ್ತಿದಾಗ ಅಂಗಿ ಪ್ಯಾಂಟಿನಿಂದ ಹೊರಗೆ ಬಂದರೆ ಉದ್ದ ಸಾಲದು. ಕೂತಾಗ ಗುಂಡಿಗಳ ನಡುವೆ ಬಾಯಿ ಬಿಟ್ಟರೆ ಎದೆ ಬಿಗಿ.

ಹೆಚ್ಚಿನವರು ತಪ್ಪುವುದು ಭುಜದಲ್ಲಿ. ಮಾತು ಹೀಗೆ ನಡೆಯಲಿ.

"ಮಾಸ್ಟರ್, ಭುಜದ ಹೊಲಿಗಿ ಕೆಳಗ ಜಾರೇದಲ್ರಿ."

"ನೀವ ಸಡ್ಲ ಬೇಕಂದ್ರಲ್ರಿ ಸರ, ಅದಕ್ಕ ಬಿಟ್ಟೀನಿ."

"ಸಡ್ಲ ಎದಿಯಾಗ ಇರ್ಲಿ, ಹೊಟ್ಟ್ಯಾಗ ಇರ್ಲಿ. ಭುಜ ಮಾತ್ರ ಎಲುಬಿನ ಮ್ಯಾಲೇ ಕುಂದರಬೇಕು ನೋಡ್ರಿ."

ಇಷ್ಟು ಸ್ಪಷ್ಟವಾಗಿ ಹೇಳಿದರೆ ಯಾವ ಟೇಲರೂ ಮಾಡಿಕೊಡುತ್ತಾರೆ. ಭುಜದ ಹೊಲಿಗೆ ಎಲುಬಿನ ತುದಿಗೆ ಬಂದು ನಿಲ್ಲಬೇಕು. ಕಾಲರಿನ ಗುಂಡಿ ಹಾಕಿದಾಗ ಒಳಗೆ ಎರಡು ಬೆರಳು ಆಡಬೇಕು. ತುಂಬುತೋಳು ಮಣಿಕಟ್ಟಿನ ಎಲುಬು ಮುಚ್ಚಬೇಕು, ಅಂಗೈಗೆ ಬರಬಾರದು. ಅರ್ಧತೋಳು ಮೊಣಕೈಗೆ ಸ್ವಲ್ಪ ಮೇಲೆ ನಿಲ್ಲಲಿ. ಪ್ಯಾಂಟಿನ ಅಂಚು ಬೂಟಿನ ಮೇಲ್ಭಾಗಕ್ಕೆ ತಾಗಿ ನಿಂತರೆ ಸಾಕು. ಕೆಳಗೆ ಮುದ್ದೆಯಾಗಿ ಬಿದ್ದರೆ ಎತ್ತರ ಕಡಿಮೆ ಕಾಣುತ್ತದೆ, ಧೂಳನ್ನೂ ಗುಡಿಸುತ್ತದೆ.

ಕುರ್ತಾಗೆ ಮೂರು ಮಾತು. ಒಂದು, ಬಲಬದಿಗೆ ಫೋನು ಹಿಡಿಯುವಷ್ಟು ಆಳದ ಜೇಬು ಇಡಿಸಿ. ಎರಡು, ಸೈಡ್ ಕಟ್ ಶುರುವಾಗುವ ಜಾಗ ಸೊಂಟಕ್ಕಿಂತ ಸ್ವಲ್ಪ ಕೆಳಗಿರಲಿ, ಕೂತಾಗ ಹೊಟ್ಟೆಯ ಬದಿ ಕಾಣಬಾರದು. ಮೂರು, ತೋಳಿನ ಬಗಲು ತೀರಾ ಬಿಗಿ ಬೇಡ. ಬೆವರು ಅಲ್ಲೇ ನಿಂತು ಬಟ್ಟೆ ಅಲ್ಲೇ ಹರಿಯುತ್ತದೆ. ಕುಬಸಕ್ಕೆ ಹತ್ತಿ ಲೈನಿಂಗ್ ಹಾಕಿಸಿ, ಎರಡೂ ಬದಿಗೆ ಒಂದೊಂದು ಇಂಚು ಮಾರ್ಜಿನ್ ಬಿಡಿಸಿ. ಮೈ ಸ್ವಲ್ಪ ಏರಿದರೂ ಇಳಿದರೂ ಅದೇ ಕುಬಸ ವರ್ಷಗಟ್ಟಲೆ ಬಾಳುತ್ತದೆ. ಉಳಿದ ತುಂಡು ಬಟ್ಟೆ ಮತ್ತು ಎರಡು ಗುಂಡಿ ಕೇಳಿ ಇಸಿದುಕೊಳ್ಳಿ.

6. ಸೀರೆ ಉಡುವವರಿಗೆ

ನಮ್ಮ ಸುತ್ತಮುತ್ತಲೇ ಆಫೀಸಿಗೆ ಒಪ್ಪುವ ಕೈಮಗ್ಗದ ಸೀರೆಗಳಿವೆ. ಯಾದಗಿರಿ ಕಡೆಯಿಂದ ಗಡಿ ದಾಟಿದರೆ ನಾರಾಯಣಪೇಟೆ. ಅಲ್ಲಿನ ಹತ್ತಿ ಸೀರೆಯಲ್ಲಿ ಸಣ್ಣ ಚೌಕಳಿ, ಅಗಲವಲ್ಲದ ದಡಿ, ಕಡಿಮೆ ತೂಕ. ಆಫೀಸಿಗೆ ಇದಕ್ಕಿಂತ ಚೆನ್ನಾದದ್ದು ನನಗೆ ಕಂಡಿಲ್ಲ. ಗದ್ವಾಲ್‌ನಲ್ಲಿ ಮೈ ಹತ್ತಿ, ದಡಿ ಮತ್ತು ಸೆರಗು ರೇಷ್ಮೆ. ಅದನ್ನು ಸಭೆ, ಸಮಾರಂಭದ ದಿನಕ್ಕೆ ಇಡಿ. ಇಳಕಲ್ ಬಗ್ಗೆ ಹೇಳಬೇಕೇ? ಮೈಯ ಹಾಸನ್ನು ಸೆರಗಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುವ ಆ ನೇಯ್ಗೆ ನಮ್ಮ ಉತ್ತರ ಕರ್ನಾಟಕದ ಹೆಮ್ಮೆ. ಆಫೀಸಿಗೆ ಹತ್ತಿ ಮೈಯದನ್ನೇ ತೆಗೆದುಕೊಳ್ಳಿ. ದಡಿ ಗೋಮಿಯೋ ಚಿಕ್ಕಿಯೋ ಚಿಕ್ಕದಿರಲಿ.

ಇಳಕಲ್ ಸೀರೆಗೆ ಸೆರಗು ಸಾಮಾನ್ಯವಾಗಿ ಕೆಂಪು. ಹಾಗಾಗಿ ಒಂದು ಮರೂನ್ ಕುಬಸ, ಒಂದು ಗುಳೇದಗುಡ್ಡ ಖಣದ ಕುಬಸ ಇದ್ದರೆ ನಾಲ್ಕು ಸೀರೆಗೆ ಸಾಕು. ಹೊಸ ಸೆರಗಿನ ಬಣ್ಣ ಬಿಡುತ್ತದಾ ಅಂತ ಹಿಂದೆ ಹೇಳಿದ ಒದ್ದೆ ದಸ್ತಿಯಲ್ಲೇ ಪರೀಕ್ಷೆ ಮಾಡಿ. ಬಿಟ್ಟರೆ ಮೊದಲೆರಡು ಸಲ ಡ್ರೈವಾಶ್. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತು ಎಲ್ಲ ಮನೆಯಲ್ಲೂ ಇದೆ. ಒಮ್ಮೆ ಹತ್ತಿದ ಬಣ್ಣವನ್ನು ಮನೆಯ ಉಪ್ಪು ಗಟ್ಟಿ ಮಾಡುವುದಿಲ್ಲ.

ಉಡುವ ಕ್ರಮ ಹೀಗಿರಲಿ. ಮೊದಲು ಚಪ್ಪಲಿ ಹಾಕಿಕೊಳ್ಳಿ, ಆಮೇಲೆ ಸೀರೆ. ಅಂಚು ನೆಲದಿಂದ ಅರ್ಧ ಇಂಚು ಮೇಲಿರಲಿ. ಬಸ್ಸು ಹತ್ತಿ ಇಳಿಯುವವರಿಗೆ ಒಂದು ಇಂಚು. ಒಳಲಂಗ ಹತ್ತಿ ಪಾಪ್ಲಿನ್ನದು. ನೈಲಾನ್ ಲಂಗ ನಡೆದಂತೆ ಕಾಲಿಗೆ ಸುತ್ತಿಕೊಳ್ಳುತ್ತದೆ. ನಿರಿಗೆ ಐದರಿಂದ ಏಳು ಹಿಡಿದು ಒಳಬದಿಯಿಂದ ಒಂದು ಪಿನ್ನು ಹಾಕಿ ಸಿಕ್ಕಿಸಿ. ಭುಜದ ಪಿನ್ನಿಗೆ ಮೊದಲು ಒಂದು ಸಣ್ಣ ಮಣಿ ಪೋಣಿಸಿ. ಪಿನ್ನಿನ ಸುರುಳಿಯಲ್ಲಿ ಎಳೆ ಸಿಕ್ಕಿ ಹರಿಯುವುದು ಅದರಿಂದ ತಪ್ಪುತ್ತದೆ. ಹತ್ತಿ ಸೀರೆ ಉಬ್ಬಿಕೊಂಡು ದಪ್ಪ ಕಾಣಿಸುತ್ತದೆ ಅನ್ನುವವರು ತೆಳು ಗಂಜಿ ಹಾಕಿಸಿ. ಗಟ್ಟಿ ಗಂಜಿ ಹಾಕಿದರೇ ಉಬ್ಬುವುದು.

7. ಕಾಲಿಗೆ

ಅಂಗಿ ಎಷ್ಟೇ ನೀಟಾಗಿದ್ದರೂ ಧೂಳು ಹಿಡಿದ ಬೂಟು ಎಲ್ಲವನ್ನೂ ಕೆಡಿಸುತ್ತದೆ. ಗಂಡಸರಿಗೆ ಕಂದು ಚರ್ಮದ ಬೂಟು ಒಂದು ಜೋಡಿ, ಅದೇ ಬಣ್ಣದ ಬೆಲ್ಟು. ಕಂದು ಬಣ್ಣದಲ್ಲಿ ಧೂಳು ಕಡಿಮೆ ಕಾಣುತ್ತದೆ. ಅನುಕೂಲ ಇದ್ದರೆ ಎರಡು ಜೋಡಿ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಬೆವರು ಹೀರಿದ ಚರ್ಮ ಆರಬೇಕು, ಇಲ್ಲದಿದ್ದರೆ ವಾಸನೆಯೂ ಬರುತ್ತದೆ, ಬೇಗ ಸೀಳುತ್ತದೆ. ಕಾಲುಚೀಲ ಹತ್ತಿಯದು, ದಿನಾ ಬದಲಿಸಿ.

ಹೆಣ್ಣುಮಕ್ಕಳಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಒಳ್ಳೆಯದು. ಮೆಟ್ಟಿಲು ಹತ್ತುವಾಗ, ಬಸ್ಸಿಗೆ ಓಡುವಾಗ ಜಾರುವುದಿಲ್ಲ. ಒಣ ಸೆಕೆಗೆ ಹಿಮ್ಮಡಿ ಒಡೆಯುವುದು ನಮ್ಮ ಕಡೆ ಸಾಮಾನ್ಯ. ರಾತ್ರಿ ಕಾಲು ತೊಳೆದು ವ್ಯಾಸಲಿನ್ ಹಚ್ಚಿ ಮಲಗಿ.

ಮಳೆಗಾಲದಲ್ಲಿ ಹಳ್ಳಿ ಸುತ್ತುವವರು ಚರ್ಮದ ಬೂಟನ್ನು ಆಫೀಸಿನಲ್ಲೇ ಬಿಡಿ. ರಬ್ಬರಿನ ಪಾದರಕ್ಷೆಯಲ್ಲಿ ಹೋಗಿ ಬಂದು ಬದಲಿಸಿ. ಬಟ್ಟೆಗೆ ಎರೆಮಣ್ಣು ಸಿಡಿದರೆ ಒದ್ದೆ ಇರುವಾಗ ಉಜ್ಜಬೇಡಿ. ಪೂರ್ತಿ ಒಣಗಲಿ, ಬ್ರಷ್‌ನಲ್ಲಿ ಉದುರಿಸಿ, ಆಮೇಲೆ ತಣ್ಣೀರು.

8. ಒಡವೆ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಡಿಮೆ ಇದ್ದಷ್ಟೂ ಚೆಂದ. ಒಂದು ಮಾತ್ರ ಹೇಳಲೇಬೇಕು. ಬೀದರ್‌ನ ಬಿದರಿ ಕೆಲಸದ ಪದಕ, ಓಲೆ, ಕಫ್‌ಲಿಂಕ್ ಸಿಗುತ್ತವೆ. ಸತು ಹೆಚ್ಚು, ತಾಮ್ರ ಸ್ವಲ್ಪ ಬೆರೆಸಿದ ಲೋಹ ಅದು. ಮೇಲೆ ಬೆಳ್ಳಿಯ ಕುಸುರಿ. ಬೀದರ್ ಕೋಟೆಯ ಮಣ್ಣಿನಿಂದ ಬರುವ ಆ ಕಪ್ಪುಬಣ್ಣ, ಕೆನೆಬಣ್ಣದ ಕುರ್ತಾ ಮೇಲೆ ಅಥವಾ ಬಿಳಿ ಅಂಗಿಯ ತೋಳಿನ ಮೇಲೆ ಎದ್ದು ಕಾಣುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ಬೆವರು ತಾಗಿದರೆ ಒಣಬಟ್ಟೆಯಲ್ಲಿ ಒರೆಸಿ, ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ.

9. ದಾರಿಗೆ ಬೇರೆ, ಕುರ್ಚಿಗೆ ಬೇರೆ

ಗಾಡಿ ಮೇಲೆ ಬರುವವರು ಮೇಲೊಂದು ಉದ್ದತೋಳಿನ ಹಗುರ ಹತ್ತಿ ಅಂಗಿ ಹಾಕಿಕೊಂಡು ಬಂದು ಆಫೀಸಿನಲ್ಲಿ ತೆಗೆದಿಡಿ. ಬಿಸಿಲು, ಧೂಳು ಎರಡೂ ಅದರ ಮೇಲೇ ಉಳಿಯುತ್ತವೆ. ಓಢಣಿಯನ್ನು ಸೊಂಟಕ್ಕೆ ಗಂಟು ಹಾಕಿ, ಸೆರಗನ್ನು ಮುಂದೆ ತಂದು ಸಿಕ್ಕಿಸಿ. ಗಾಡಿಗೆ ಸೀರೆ ಗಾರ್ಡ್ ಇಲ್ಲದಿದ್ದರೆ ಇವತ್ತೇ ಹಾಕಿಸಿ. ಚಕ್ರಕ್ಕೆ ಸೆರಗು ಸಿಕ್ಕರೆ ಜೀವಕ್ಕೇ ಅಪಾಯ. ಇದರಲ್ಲಿ ಉದಾಸೀನ ಮಾಡಲೇಬೇಡಿ.

ಮೇಜಿನ ಡ್ರಾಯರ್‌ನಲ್ಲಿ ಒಂದು ಡಬ್ಬಿ ಇಡಿ. ಸೂಜಿ, ಬಿಳಿ ಮತ್ತು ಕಪ್ಪು ದಾರ, ಪಿನ್ನು, ಬಾಚಣಿಗೆ, ಬೂಟು ಒರೆಸುವ ಬಟ್ಟೆ, ಎರಡು ಹತ್ತಿ ದಸ್ತಿ. ಆಫೀಸು ಮುಟ್ಟಿದ ಕೂಡಲೇ ಕುರ್ಚಿಗೆ ಕೂರಬೇಡಿ. ಐದು ನಿಮಿಷ ಫ್ಯಾನ್ ಕೆಳಗೆ ನಿಂತು ಬೆವರು ಆರಲಿ, ಮುಖ, ಕುತ್ತಿಗೆ ಒರೆಸಿ, ಆಮೇಲೆ ಕೂರಿ. ಒದ್ದೆ ಬೆನ್ನಿನಲ್ಲಿ ಒರಗಿದರೆ ಬಿದ್ದ ಸುಕ್ಕು ಸಂಜೆವರೆಗೆ ಹೋಗುವುದಿಲ್ಲ.

ಬೀದರ್‌ನಲ್ಲಿ ಕೆಲಸ ಮಾಡುವವರಿಗೆ ಡಿಸೆಂಬರ್, ಜನವರಿ ಬೆಳಗಿನ ಚಳಿಗೆ ತೋಳಿಲ್ಲದ ಬೂದಿ ಅಥವಾ ಕಡುನೀಲಿ ಸ್ವೆಟರ್ ಸಾಕು. ಏಸಿಯಲ್ಲಿ ಕೂರುವವರಿಗೂ ಅದೇ ಆಗುತ್ತದೆ.

10. ತೊಳೆಯುವುದು, ಇಸ್ತ್ರಿ

ಬೋರ್‌ವೆಲ್ ನೀರು ನಮ್ಮಲ್ಲಿ ಬಹಳ ಕಡೆ ಗಡಸು. ಗಡಸು ನೀರಿಗೆ ಬಾರ್ ಸೋಪು ಹಾಕಿದರೆ ನೊರೆ ಬರದೆ ಬಿಳಿ ಜಿಡ್ಡು ಕಟ್ಟುತ್ತದೆ. ಅದು ನೂಲಿನಲ್ಲಿ ಕೂತು ಬಿಳಿ ಅಂಗಿ ಬೂದಿಯಾಗುತ್ತದೆ. ಆಫೀಸಿನ ಬಟ್ಟೆಗೆ ಡಿಟರ್ಜೆಂಟ್ ಪುಡಿ ಅಥವಾ ಲಿಕ್ವಿಡ್ ಬಳಸಿ. ಕೊನೆಯ ಸಲ ಜಾಲಿಸುವಾಗ ಒಂದು ಬಕೆಟ್ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿದರೆ ಉಳಿದ ಜಿಡ್ಡು ಬಿಡುತ್ತದೆ.

ಬೆವರಿದ ಅಂಗಿಯನ್ನು ಹಾಗೇ ಬುಟ್ಟಿಗೆ ಹಾಕಬೇಡಿ. ಕಾಲರ್ ಮತ್ತು ಬಗಲನ್ನು ಬಂದ ಕೂಡಲೇ ತಣ್ಣೀರಿನಲ್ಲಿ ಒಮ್ಮೆ ತೋಯಿಸಿ. ಕಲೆ ಇದ್ದ ಬಟ್ಟೆಗೆ ಇಸ್ತ್ರಿ ಹಾಕಿದರೆ ಕಲೆ ಗಟ್ಟಿಯಾಗಿ ಕೂತುಬಿಡುತ್ತದೆ. ಬಗಲಿನ ಹಳದಿಗೆ ಬ್ಲೀಚ್ ಹಾಕಿದರೆ ಇನ್ನಷ್ಟು ಹಳದಿ. ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ ಅರ್ಧ ತಾಸು ಬಿಟ್ಟು ತೊಳೆಯಿರಿ.

ಬಣ್ಣದ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿ. ಬೇಸಿಗೆಯಲ್ಲಿ ನೆರಳಲ್ಲೇ ಬೇಗ ಒಣಗುತ್ತದೆ, ಬಿಸಿಲಿಗೆ ಹಾಕಿ ಬಣ್ಣ ಕಳೆದುಕೊಳ್ಳುವುದು ಯಾಕೆ? ಹತ್ತಿ ಬಟ್ಟೆಗೆ ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಹಾಕಿ. ಗಾಢ ಬಣ್ಣಕ್ಕೆ ಒಳಬದಿಯಿಂದ ಹಾಕಿ, ಇಲ್ಲದಿದ್ದರೆ ಹೊಳಪು ಬಂದು ಹಳೆಯದಾಗಿ ಕಾಣುತ್ತದೆ. ಓಣಿಯ ಇಸ್ತ್ರಿ ಅಂಗಡಿಗೆ ಕೊಡುವವರು ಇದನ್ನು ಬಾಯಿಬಿಟ್ಟು ಹೇಳಿ ಕೊಡಿ.

11. ವರ್ಷದಲ್ಲಿ ನಾಲ್ಕು ಬೆಳಗಿಗೆ ಒಂದು ಜೋಡಿ

ಜನವರಿ 26, ಆಗಸ್ಟ್ 15, ನವೆಂಬರ್ 1ರ ಜೊತೆಗೆ ನಮಗೆ ಸೆಪ್ಟೆಂಬರ್ 17 ಇದೆ, ಕಲ್ಯಾಣ ಕರ್ನಾಟಕ ಉತ್ಸವ. ಆ ಬೆಳಗಿನ ಧ್ವಜಾರೋಹಣಕ್ಕೆ ಒಂದು ಬಿಳಿ ಅಥವಾ ಕೆನೆ ಬಣ್ಣದ ಖಾದಿ ಅಂಗಿ, ಇಲ್ಲವೇ ಒಂದು ಕೈಮಗ್ಗದ ಸೀರೆ ಬೇರೆಯಾಗಿ ಎತ್ತಿಡಿ. ದಿನಬಳಕೆಗೆ ತರಬೇಡಿ. ಖಾದಿ ಮೊದಲೆರಡು ಒಗೆತಕ್ಕೆ ಕುಗ್ಗುತ್ತದೆ. ರೆಡಿಮೇಡ್ ಆದರೆ ಒಂದು ಸೈಜು ಸಡಿಲವನ್ನೇ ತನ್ನಿ. ಸೆಪ್ಟೆಂಬರ್ ಮಳೆಯ ತಿಂಗಳು, ಮೈದಾನದಲ್ಲಿ ಕೆಸರು ಇರುತ್ತದೆ. ಬಿಳಿ ಮೇಲಿರಲಿ, ಕೆಳಗೆ ಕಂದು ಅಥವಾ ಬೂದಿ ಪ್ಯಾಂಟು. ಹಿಂದಿನ ರಾತ್ರಿಯೇ ಇಸ್ತ್ರಿ ಹಾಕಿ ಹ್ಯಾಂಗರಿಗೆ ತೂಗುಹಾಕಿ, ಗುಂಡಿ, ಹುಕ್ಕು ಎಲ್ಲ ಇವೆಯಾ ಅಂತ ನೋಡಿಕೊಳ್ಳಿ. ಬೆಳಗ್ಗೆ ಕರೆಂಟು ಇರದಿದ್ದರೂ ಹೊತ್ತಿಗೆ ಸರಿಯಾಗಿ ಹೊರಡಬಹುದು.